ಆರನೆಯವನು ಕೇಳಿದ ಮಾತು

“ಇನ್ನೊಮ್ಮೆ ಹಾಕು ರೋನಿ.”

“ಇದು ಹದಿನೇಳನೇ ಸಲ ವಾರಿಜಕ್ಕ.”

“ಹದಿನೆಂಟು ಆಗಲಿ. ನಿನ್ನ ಯಂತ್ರವೂ ಸವೆಯುವುದಿಲ್ಲ, ನನ್ನ ಕಿವಿಯೂ ಸವೆಯುವುದಿಲ್ಲ.”

ಧ್ವನಿಮುದ್ರಣದ ರೋನಿ ನಕ್ಕು ಗುಂಡಿ ಒತ್ತಿದ. ಮಣಿಪಾಲದ ಆ ಸಣ್ಣ ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಅಂಟಿಸಿದ್ದರು. ರಸ್ತೆಯ ಬಸ್ಸಿನ ಹಾರ್ನು ಕೂಡ ಒಳಗೆ ಬರುತ್ತಿರಲಿಲ್ಲ. ವಾರಿಜಾ ಹೆಡ್‌ಫೋನನ್ನು ಸರಿಪಡಿಸಿಕೊಂಡು ಕಣ್ಣು ಮುಚ್ಚಿದರು. ಅದು ತಲೆಗೆ ಒತ್ತಬಾರದೆಂದು ರೋನಿ ತನ್ನ ಕರ್ಚೀಫನ್ನು ಮಡಚಿ ಅದರ ಪಟ್ಟಿಗೆ ಸುತ್ತಿಕೊಟ್ಟಿದ್ದ. ಕೇಳದೆಯೇ ಮಾಡಿದ ಕೆಲಸ.

ಮೂರು ದಿನದ ಹಿಂದೆ ಕಾಪುವಿನ ಹಳೇ ಐಸ್ ಪ್ಲಾಂಟಿನಲ್ಲಿ, ‘ತುಕ್ಕು ಹಿಡಿಯದವರು’ ಎಂಬ ಟಿವಿ ಧಾರಾವಾಹಿಯ ಆರನೇ ಕಂತಿನ ಚಿತ್ರೀಕರಣ ನಡೆಯುತ್ತಿದ್ದಾಗ, ರೋಬೋ ಒಂದು ಬಲಗೈ ಬೀಸಿ ಎಪ್ಪತ್ತರ ಕೂಸಪ್ಪನವರನ್ನು ಕೆಡವಿತ್ತು. ಅಂದಿನಿಂದ ಅವರು ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದರು. ಆ ರೋಬೋವನ್ನು ತಯಾರಿಸಿ ಸೆಟ್ಟಿನಲ್ಲಿ ನಡೆಸುತ್ತಿದ್ದ ಮೋಕ್ಷಾ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು.

ಧಾರಾವಾಹಿ ಸಮುದ್ರದಿಂದ ಎದ್ದು ಬರುವ ಕೊಲೆಗಡುಕ ಯಂತ್ರಗಳದ್ದು. ಒಟ್ಟು ಆರು ರೋಬೋಗಳು. ಐದು ಬರಿಯ ಬೆಳ್ಳಿ ಬಣ್ಣದ ಚಿಪ್ಪು, ಒಳಗೆ ಮನುಷ್ಯರು. ಆರನೆಯದು ಮಾತ್ರ ನಿಜವಾದ ಯಂತ್ರ. ಸೆಟ್ಟಿನಲ್ಲಿ ಎಲ್ಲರೂ ಅದನ್ನು ಆರನೆಯವನು ಎಂದೇ ಕರೆಯುತ್ತಿದ್ದರು. ಆ ಕಂತಿನ ಕತೆ ಇಷ್ಟೆ. ಊರೆಲ್ಲ ಖಾಲಿಯಾಗಿದೆ, ಐಸ್ ಪ್ಲಾಂಟಿನ ಮುದುಕ ಕಾವಲುಗಾರ ಒಬ್ಬನೇ ಉಳಿದಿದ್ದಾನೆ; ಆ ಪಾತ್ರ ಕೂಸಪ್ಪನವರದ್ದು. ಆರನೆಯವನು ಅವನನ್ನು ಕೊಲ್ಲಲು ಕೈ ಎತ್ತಿ, ಕೊಲ್ಲದೆ ನಿಲ್ಲುತ್ತಾನೆ.

ಕತೆಯಲ್ಲಿ ನಿಲ್ಲಬೇಕಾದ ಕೈ ಕಾಪುವಿನಲ್ಲಿ ನಿಲ್ಲಲಿಲ್ಲ.

ಆರನೆಯವನಿಗೆ ಗೊತ್ತಿದ್ದದ್ದು ಐದೇ ಮಾತು: ಮುಂದೆ, ಹಿಂದೆ, ಎಡ, ಬಲ, ನಿಲ್ಲು. ‘ಎಡ’ ಎಂದರೆ ಎಡಗೈ ಬೀಸುತ್ತದೆ, ‘ಬಲ’ ಎಂದರೆ ಬಲಗೈ. ಹತ್ತಡಿಯೊಳಗಿನ ಮಾತು ಮಾತ್ರ ಅದಕ್ಕೆ ಕೇಳುವುದು. ಅದರ ಹೊಟ್ಟೆಯೊಳಗಿನ ಕಂಪ್ಯೂಟರಿನಲ್ಲಿ ಆ ದಿನದ ಹನ್ನೊಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಒಂದು ಸಾಲು ಉಳಿದಿತ್ತು. ಕೇಳಿದ ಮಾತು: ಬಲ.

ಹತ್ತಡಿಯೊಳಗೆ ಇದ್ದವರು ಇಬ್ಬರೇ. ಒಬ್ಬರು ಕೂಸಪ್ಪ. ಇನ್ನೊಬ್ಬಳು ಮೋಕ್ಷಾ.

“ನಾನು ಬಾಯಿಯೇ ತೆರೆಯಲಿಲ್ಲ,” ಎಂದು ಮೋಕ್ಷಾ ಅಳುತ್ತ ಹೇಳಿದ್ದಳು. ಒಂಬತ್ತು ಜನ ಸಾಕ್ಷಿಗಳೂ ‘ಬಲ’ ಎಂಬ ಆಜ್ಞೆ ಕೇಳಿಲ್ಲ ಎಂದೇ ಬರೆಸಿದ್ದರು. ಆದರೆ ಹಿಂದಿನ ದಿನ ಕೂಸಪ್ಪ ತಮ್ಮ ಹೆಗಲ ಮೇಲಿನ ಒದ್ದೆ ಬೈರಾಸನ್ನು ಆರನೆಯವನ ಕೈಮೇಲೆ ಒಣಗಲು ಹಾಕಿದ್ದರು. ಮೋಕ್ಷಾ ಸಿಟ್ಟಿನಿಂದ, “ಇನ್ನೊಮ್ಮೆ ಹಾಕಿದರೆ ಅವನೇ ನಿಮಗೆ ಬುದ್ಧಿ ಕಲಿಸ್ತಾನೆ,” ಎಂದಿದ್ದಳು. ಆ ಮಾತನ್ನು ಮಾತ್ರ ಒಂಬತ್ತು ಜನರೂ ಚೆನ್ನಾಗಿ ಕೇಳಿದ್ದರು.

ಸಬ್ ಇನ್‌ಸ್ಪೆಕ್ಟರ್ ಸೌಮ್ಯಶ್ರೀ ಬೆಳಿಗ್ಗೆಯೇ ಫೋನು ಮಾಡಿದ್ದರು. “ಮೂರು ಗಂಟೆಯೊಳಗೆ ಬೇರೆ ಎಂತಾದರೂ ಸಿಕ್ಕಿದರೆ ತನ್ನಿ ಮೇಡಂ. ಇಲ್ಲದಿದ್ದರೆ ಬಂಧಿಸದೆ ನನಗೆ ದಾರಿ ಇಲ್ಲ. ಆ ಹುಡುಗಿ ನಿನ್ನೆಯಿಂದ ಊಟ ಮಾಡಿಲ್ಲ. ನನ್ನ ಬುತ್ತಿ ಅವಳ ಮುಂದೆ ಇಟ್ಟು ಬಂದಿದ್ದೇನೆ.”

ಈಗ ಹನ್ನೊಂದೂವರೆ.

ವಾರಿಜಾ ಹೆಡ್‌ಫೋನು ತೆಗೆದರು. ಕಾರ್ಕಳದ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸ್ಟೆನೋ ಆಗಿದ್ದವರು. ಕೋರ್ಟಿನಿಂದಲೇ ಸೌಮ್ಯಶ್ರೀಗೆ ಪರಿಚಯ, ಮೋಕ್ಷಾಳ ಅಮ್ಮನ ಹಳೇ ಗೆಳತಿ. ನಿವೃತ್ತಿಯಾಗಿ ಕುಕ್ಕುಂದೂರಿನಲ್ಲಿ ಗಿಡಗಳಿಗೆ ನೀರು ಹಾಕುತ್ತ ಇದ್ದರೂ, ಯಾರಾದರೂ ಮಾತಾಡಿದರೆ ಅವರ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ಮಡಿಲಲ್ಲಿ ಗೀಚುತ್ತಿದ್ದವು.

“ರೋನಿ, ಇದರಲ್ಲಿ ಕಾಗೆ ಇಲ್ಲವಲ್ಲ.”

“ಎಂತ?”

“ಕಾಪುವಿನಲ್ಲಿ, ಸಮುದ್ರದ ಬದಿಯಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಕಾಗೆಯೂ ಕೂಗಲಿಲ್ಲವಾ? ಅಲೆ ಸಹ ಇಲ್ಲ. ಇದು ಯಾವ ಕಾಪು ಮಾರಾಯ?”

ರೋನಿಯ ಮುಖ ಕೆಂಪಾಯಿತು. “ಅದು... ತೊಳೆದದ್ದು ವಾರಿಜಕ್ಕ. ಹೊರಗಿನ ಸದ್ದು ತೆಗೆದು, ಶಾಟಿನದ್ದು ಮಾತ್ರ ಇಟ್ಟು ಕೊಡುವುದು. ಅದೇ ಅಲ್ವಾ ನನ್ನ ಕೆಲಸ.”

“ಪೊಲೀಸರಿಗೂ ತೊಳೆದದ್ದನ್ನೇ ಕೊಟ್ಟೆಯಾ?”

“ಕೊಳಕು ಕೊಡುವುದು ಹೇಗೆ? ಮರ್ಯಾದೆ ಉಂಟಲ್ಲ.”

ವಾರಿಜಾರಿಗೆ ನಗು ಬಂತು. ನೆಂಟರು ಬರುವಾಗ ಮನೆ ಗುಡಿಸಿದಂತೆ ಈ ಹುಡುಗ ಸಾಕ್ಷಿಯನ್ನೇ ಗುಡಿಸಿದ್ದ.

“ತೊಳೆಯದ್ದು ಉಂಟಾ?”

“ಉಂಟು. ಇವತ್ತು ಸಂಜೆ ಅಳಿಸಲಿಕ್ಕೆ ಹೇಳಿದ್ದಾರೆ ಪ್ರಖ್ಯಾತ್ ಸರ್. ಡಿಸ್ಕಿನಲ್ಲಿ ಜಾಗ ಇಲ್ಲ ಅಂತ.”

ಪ್ರಖ್ಯಾತ್ ಆ ಧಾರಾವಾಹಿಯ ನಿರ್ದೇಶಕ. ವಾರಿಜಾ ಆ ಹೆಸರನ್ನು ಮನಸ್ಸಿನಲ್ಲೇ ಬರೆದುಕೊಂಡರು. “ಹಾಕು,” ಎಂದರು.

ಈ ಸಲ ಕಾಪು ಬಂತು. ಅಲೆ ಬಂತು, ಕಾಗೆ ಬಂತು, ದೂರದಲ್ಲಿ ಮೀನಿನ ಲಾರಿಯ ಹಾರ್ನು ಬಂತು. “ಸೈಲೆನ್ಸ್” ಎಂದ ಯಾರದ್ದೋ ಕೂಗು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ನಂತರ ಮೇಲಿನಿಂದ ಬಂದಂತೆ ಸರಪಳಿಯ ಕಿಣಿಕಿಣಿ. ಒಂದು ಕೂಗು. ರೋಬೋವಿನ ಮೋಟರು ಗುಂಯ್ ಎಂದದ್ದು, ಪೆಟ್ಟು ಬಿದ್ದ ಸದ್ದು. ಕೊನೆಗೆ ಭಾರವಾದ ಕಬ್ಬಿಣದ ಕೊಕ್ಕೆ ನೆಲಕ್ಕೆ ಅಪ್ಪಳಿಸಿದ್ದು.

“ನಿಲ್ಲಿಸು. ಮೋಟರಿಗೆ ಮೊದಲು ಒಂದು ಕೂಗು ಬಂತಲ್ಲ, ಅದು ಎಂತ?”

“ಅದು ಎಂತದೂ ಅಲ್ಲ. ಯಾರೋ ಯಾರನ್ನೋ ಕರೆದದ್ದು.”

“ಎಂತ ಅಂತ ಕರೆದದ್ದು?”

“ಬಾ ಅಂತ.”

ವಾರಿಜಾ ಚೀಲದಿಂದ, ಸೌಮ್ಯಶ್ರೀ ಕೊಟ್ಟಿದ್ದ ಸಾಕ್ಷಿಗಳ ಹೇಳಿಕೆಯ ಪ್ರತಿ ತೆಗೆದರು. ನಾಲ್ಕನೆಯವರ ಹೇಳಿಕೆ: ‘ಯಾರೋ ಬಾ ಎಂದು ಕರೆದದ್ದು ಕೇಳಿಸಿತು.’ ಏಳನೆಯವರದ್ದು: ‘ಹೊರಗಿನಿಂದ ಬಾ ಎಂಬ ಕೂಗು ಬಂತು.’ ಎರಡು ರಾತ್ರಿ ಓದಿದ ಸಾಲುಗಳು. ಓದುತ್ತ ದಾಟಿಹೋದ ಸಾಲುಗಳು.

“ಆ ಮನುಷ್ಯ ಕನ್ನಡದಲ್ಲಿ ಕರೆದದ್ದಾ?”

“ಇಲ್ಲಪ್ಪ, ತುಳುವಿನಲ್ಲಿ.”

“ತುಳುವಿನಲ್ಲಿ ಬಾ ಅನ್ನಲಿಕ್ಕೆ ಎಂತ ಹೇಳ್ತಾರೆ ರೋನಿ?”

ಉತ್ತರ ಹೇಳಲು ರೋನಿ ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

“ಬಲ,” ಎಂದ ಮೆಲ್ಲಗೆ. “ಅಯ್ಯೋ ದೇವರೇ. ಬಲ!”

ವಾರಿಜಾ ಕುರ್ಚಿಗೆ ಒರಗಿದರು. ಅವರಿಗೆ ತಮ್ಮ ಮೇಲೆಯೇ ಬೇಸರವಾಯಿತು. ಸಾಕ್ಷಿ ಕಟಕಟೆಯಲ್ಲಿ ನಿಂತು ತುಳುವಿನಲ್ಲಿ ಹೇಳುವುದು, ತಾವು ಅದನ್ನು ಕನ್ನಡದಲ್ಲಿ ಬರೆಯುವುದು. ಎಷ್ಟು ಸಾವಿರ ಸಲ ಮಾಡಿದ ಕೆಲಸ! ಇಲ್ಲಿ ಎಲ್ಲರೂ ಅದನ್ನೇ ಮಾಡಿದ್ದರು. ತುಳುವಿನಲ್ಲಿ ಕೇಳಿದ್ದನ್ನು ಪೊಲೀಸರಿಗೆ ಕನ್ನಡದಲ್ಲಿ ಹೇಳಿದ್ದರು. ‘ಬಲ ಅಂತ ಯಾರಾದರೂ ಹೇಳಿದರಾ?’ ಎಂದು ಕನ್ನಡದಲ್ಲಿ ಕೇಳಿದಾಗ ಪ್ರಾಮಾಣಿಕವಾಗಿ ಇಲ್ಲ ಎಂದಿದ್ದರು. ಮೋಕ್ಷಾ ಕೂಡ. ಪೆರ್ಡೂರಿನ ಆ ಹುಡುಗಿ ಹುಟ್ಟಿನಿಂದ ತುಳು ಮಾತಾಡಿದವಳು, ವಾರಿಜಾರ ಹತ್ತಿರವೂ ತುಳುವಿನಲ್ಲೇ. ಆದರೆ ಯಂತ್ರದೊಳಗೆ ಆ ಪದವನ್ನು ಇಡುವಾಗ ಕನ್ನಡದಲ್ಲಿ ಇಟ್ಟಿದ್ದಳು. ಕರೆ ಬಂದಾಗ ತುಳುವಿನಲ್ಲಿ ಕೇಳಿದ್ದಳು. ಎರಡೂ ಒಂದೇ ಎಂದು ಅವಳಿಗೆ ಹೊಳೆದಿರಲಿಲ್ಲ.

ಎರಡು ಭಾಷೆಯ ವ್ಯತ್ಯಾಸ ಗೊತ್ತಿಲ್ಲದೆ ಮಾತನ್ನು ಮಾತಾಗಿಯೇ ಕೇಳಿದವನು ಆರನೆಯವನು ಒಬ್ಬನೇ.

“ಆದರೆ ಅವನ ಕಿವಿ ಹತ್ತಡಿಯದ್ದು ಅಲ್ವಾ?” ರೋನಿ ಕೇಳಿದ. “ಇದು ಬಾಗಿಲಿನ ಹತ್ತಿರದಿಂದ ಬಂದ ಕೂಗು.”

“ಹತ್ತಡಿ ನಮ್ಮಂಥವರ ಗಂಟಲಿಗೆ. ದೋಣಿಯಿಂದ ದೋಣಿಗೆ ಕೂಗಿದವರ ಗಂಟಲು ಬೇರೆ. ಇನ್ನೊಂದು ವಿಷಯ ನೋಡು. ಕೂಸಪ್ಪನವರನ್ನು ಸೆಟ್ಟಿನಲ್ಲಿ ಎಲ್ಲರೂ ಹೇಗೆ ಕರೆಯುವುದು?”

“ಕೂಸಪ್ಪಣ್ಣ ಅಂತ. ಹಿರಿಯರಲ್ವಾ? ‘ಬಲೆ ಕೂಸಪ್ಪಣ್ಣ’ ಅಂತ.”

“ಬನ್ನಿ ಅಂತ. ಬಾ ಅಂತ ಯಾರೂ ಕರೆಯುವುದಿಲ್ಲ. ಇವರು ಕರೆದಿದ್ದಾರೆ. ಧ್ವನಿ ಯಾರದ್ದು?”

ರೋನಿ ಮತ್ತೆ ಮೂರು ಸಲ ಕೇಳಿದ. ತಲೆಯಾಡಿಸಿದ. “ಸೆಟ್ಟಿನ ಪ್ರತಿಯೊಬ್ಬರ ಧ್ವನಿ ನನಗೆ ಗೊತ್ತುಂಟು. ಇದನ್ನು ನಾನು ಕೇಳಿಯೇ ಇಲ್ಲ.”

“ಹಾಗಾದರೆ ಸೆಟ್ಟಿನಲ್ಲಿ ಮಾತೇ ಆಡದವರು ಯಾರು?”

ರೋನಿ ಕಾರಿನ ಕೀಲಿಕೈ ಎತ್ತಿಕೊಂಡ. “ಬನ್ನಿ ವಾರಿಜಕ್ಕ. ಹೋಗುವ.”

*

ಕಾಪುವಿನ ಐಸ್ ಪ್ಲಾಂಟಿನ ಗೇಟಿನಲ್ಲಿ ಶೀನ ಬೀಗಕ್ಕೆ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಉಪ್ಪು ಗಾಳಿಗೆ ಗೇಟಿನ ಸರಳುಗಳು ಬಿಸ್ಕತ್ತಿನಂತೆ ಉದುರುತ್ತಿದ್ದವು. ಗೋಡೆಗೆ ‘ತುಕ್ಕು ಹಿಡಿಯದವರು’ ಎಂಬ ದೊಡ್ಡ ಪೋಸ್ಟರು ಅಂಟಿಸಿದ್ದರು. ಅದನ್ನು ಹಿಡಿದ ಮೊಳೆಗಳಿಗೆ ಆಗಲೇ ತುಕ್ಕು ಹಿಡಿದಿತ್ತು.

ಶೀನ ಆ ಪ್ಲಾಂಟಿನ ಕಾವಲುಗಾರ. ಕತೆಯಲ್ಲಿ ಕೂಸಪ್ಪ ಮಾಡುತ್ತಿದ್ದ ಪಾತ್ರವನ್ನು ಇವರು ನಿಜವಾಗಿ ಬದುಕುತ್ತಿದ್ದರು. ಪಾತ್ರಕ್ಕೆ ಮೊದಲು ಇವರನ್ನೇ ಕೇಳಿದ್ದರಂತೆ. ಕೂಸಪ್ಪನೂ ಇದ್ದಾನೆ ಎಂದು ಗೊತ್ತಾದ ಕೂಡಲೇ ಬಾಯಿ ಮುಚ್ಚಿದವರು ಸೆಟ್ಟಿನಲ್ಲಿ ಮತ್ತೆ ತೆರೆದಿರಲಿಲ್ಲ.

“ಶೀನಣ್ಣ, ಸ್ವಲ್ಪ ಕೂತುಕೊಳ್ಳಬಹುದಾ?” ವಾರಿಜಾ ಕೇಳಿದರು. “ಮಂಡಿ ನೋವು.”

ಶೀನ ತಮ್ಮ ಸ್ಟೂಲನ್ನು ಪಂಚೆಯ ಅಂಚಿನಿಂದ ಒರಸಿ ಕೊಟ್ಟರು. ತಾವು ಕಲ್ಲಿನ ಮೇಲೆ ಕೂತರು.

“ಕೂಸಪ್ಪನವರು ನಿಮಗೆ ಬೇಕಾದವರು ಅಂತ ಕೇಳಿದೆ.”

“ಆಗಿದ್ದ.”

“ಆಮೇಲೆ?”

“ಹನ್ನೊಂದು ವರ್ಷ ಆಯಿತು, ಮಾತಿಲ್ಲ.”

“ಎಂತಕ್ಕೆ?”

ಶೀನ ಬೀಗವನ್ನು ತಿರುಗಿಸಿ ನೋಡಿದರು. “ಮಗಳ ಮದುವೆಗೆ ಅವನ ಮನೆಗೆ ಹೋಗಿ ಕರೆಯಲಿಲ್ಲ. ಕಾಗದ ಅಂಚೆಗೆ ಹಾಕಿದೆ. ನನಗೆ ಆಗ ಕಾಲು ಮುರಿದಿತ್ತು ಅಮ್ಮ, ಪ್ಲಾಸ್ಟರು. ಮನೆಯವರಾದರೂ ಹೋಗಬಹುದಿತ್ತು, ಮರೆತುಹೋಯಿತು. ಅವನು ‘ನಲವತ್ತು ವರ್ಷ ಒಂದೇ ದೋಣಿಯಲ್ಲಿ ಕೂತವನನ್ನು ಕಾಗದದಲ್ಲಿ ಕರೆದನಲ್ಲ’ ಅಂತ ಬರಲೇ ಇಲ್ಲ. ನನಗೂ ಸಿಟ್ಟು. ಬರದವನನ್ನು ನಾನು ಯಾಕೆ ಮಾತಾಡಿಸಲಿ?”

“ಅಂದರೆ ನೀವು ಅವರನ್ನು ಕರೆಯಲೇ ಇಲ್ಲ.”

“ಇಲ್ಲ. ಯಾವತ್ತೂ ಇಲ್ಲ.”

“ಮೂರು ದಿನದ ಹಿಂದೆ ಕರೆದಿರಿ.”

ಶೀನರ ಕೈ ನಿಂತಿತು. “ಯಾರು ಹೇಳಿದ್ದು?”

“ಆರನೆಯವನು.”

“ಆ ಕಬ್ಬಿಣದ ಗೊಂಬೆಯಾ?” ಶೀನ ನಕ್ಕರು. ಆದರೆ ನಗು ಅರ್ಧಕ್ಕೆ ಬಿಟ್ಟಿತು. “ನಾನು ಕರೆಯಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದು ನಾನೇ ಮೊದಲು ಸೋಲುವುದಾ? ಊರಲ್ಲಿ ಎಂತ ಹೇಳಿಯಾರು? ಹೋಗಿ ಅಮ್ಮ. ನನಗೆ ಕೆಲಸ ಉಂಟು.”

ವಾರಿಜಾ ಎದ್ದು ಹೋಗಲಿಲ್ಲ. “ಶೀನಣ್ಣ, ಇವತ್ತು ಮೂರು ಗಂಟೆಗೆ ಮೋಕ್ಷಾಳನ್ನು ಬಂಧಿಸ್ತಾರೆ.”

“ಯಾರನ್ನು? ಆ ಹುಡುಗಿಯನ್ನಾ?” ಶೀನ ಎದ್ದೇ ನಿಂತರು. “ಎಂತಕ್ಕೆ? ಅದು ಯಂತ್ರ ಕೆಟ್ಟು ಆದದ್ದಲ್ವಾ? ಆ ಹುಡುಗಿ ಎಂತ ಮಾಡಿದ್ದಾಳೆ? ದಿನಾ ಬೆಳಿಗ್ಗೆ ನನ್ನ ಬಿಪಿ ಮಾತ್ರೆ ನೆನಪಿಸುವವಳು ಅವಳು. ನನ್ನ ಮಗಳು ಸಹ ನೆನಪಿಸುವುದಿಲ್ಲ.”

“ಯಂತ್ರ ಕೆಟ್ಟಿರಲಿಲ್ಲ. ಅದು ಹೇಳಿದ ಮಾತು ಕೇಳುವ ಯಂತ್ರ. ಕನ್ನಡದಲ್ಲಿ ಬಲ ಅಂದರೆ ಬಲಗೈ ಬೀಸ್ತದೆ. ಹೇಳಿದ್ದು ಮೋಕ್ಷಾ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ.”

ಶೀನ ಮೊದಲು ಏನೂ ಅರ್ಥವಾಗದವರಂತೆ ನೋಡಿದರು. ನಂತರ ಅವರ ತುಟಿ ಆ ಪದವನ್ನು ಸದ್ದಿಲ್ಲದೆ ಒಮ್ಮೆ ಹೇಳಿತು. ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು.

“ಅಂದರೆ... ನನ್ನ ಮಾತಿಗಾ?”

ವಾರಿಜಾ ಬೀಗವನ್ನು ಎತ್ತಿ ಸ್ಟೂಲಿನ ಮೇಲಿಟ್ಟರು. ಕೋರ್ಟಿನಲ್ಲಿ ಎಷ್ಟೋ ಜನ ಸತ್ಯ ಹೇಳುವುದನ್ನು ನೋಡಿದ್ದರು. ಕೇಳಬೇಕಾದ ಸತ್ಯ ಬರುವಾಗ ಕುರ್ಚಿ ಕೊಡಬೇಕು, ನೀರು ಕೊಡಬೇಕು, ಆಚೆ ನೋಡಬೇಕು. ರೋನಿ ಕಾರಿನಿಂದ ನೀರಿನ ಬಾಟಲಿ ತಂದ.

“ಹನ್ನೊಂದು ವರ್ಷದ ಮೇಲೆ ಒಂದು ಮಾತು ಆಡಿದೆ,” ಶೀನ ಹೇಳಿದರು. “ಆ ಮಾತೇ ಹೋಗಿ ಅವನಿಗೆ ಹೊಡೆಯಿತಾ ಅಮ್ಮ?”

“ಯಾಕೆ ಕರೆದಿರಿ?”

“ಮೇಲೆ ಕೊಕ್ಕೆ ಜಾರುವುದು ಕಂಡಿತು. ಹಿಂದೆ ಐಸಿನ ಡಬ್ಬ ಎತ್ತುತ್ತಿದ್ದ ಕೊಕ್ಕೆ, ನಾಲ್ಕು ಜನ ಹಿಡಿದರೂ ಭಾರ. ಕೆಳಗೆ ಅವನು ನಿಂತಿದ್ದ. ಸಿಟ್ಟು ಗಿಟ್ಟು ಎಲ್ಲ ಮರೆತುಹೋಯಿತು. ‘ಬಲ, ಇಂಚಿ ಬಲ’ ಅಂತ ಕೂಗಿದೆ, ಈಚೆ ಬಾ ಅಂತ. ಅವನು ಬರಲಿಲ್ಲ. ತಿರುಗಿ ನನ್ನನ್ನು ನೋಡಿದ. ಕರೆದದ್ದು ತನ್ನನ್ನೇ ಹೌದಾ ಅಂತ ನೋಡಿದ. ಅಷ್ಟರಲ್ಲಿ...” ಅವರು ಪಂಚೆಯಿಂದ ಕಣ್ಣೊರಸಿದರು. “ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.”

“ಸುಮ್ಮನಿದ್ದಿದ್ದರೆ ಇವತ್ತು ಅವರು ಇರುತ್ತಿರಲಿಲ್ಲ,” ಎಂದರು ವಾರಿಜಾ. “ನೆಲದ ಮೇಲೆ ಬಿಳಿ ಟೇಪಿನ ಗುರುತು ಉಂಟಲ್ಲ, ಕೊಕ್ಕೆ ಬಿದ್ದದ್ದು ಸರಿಯಾಗಿ ಅದರ ಮೇಲೆ. ರೋಬೋ ಕಂಬಕ್ಕೆ ತಾಗಿ ಅದು ಬಿತ್ತು ಅಂತ ಎಲ್ಲರೂ ಬರೆಸಿದ್ದಾರೆ. ಆದರೆ ಸರಪಳಿಯ ಸದ್ದು ನಿಮ್ಮ ಕೂಗಿಗಿಂತ ಮೊದಲು ಬಂದದ್ದು. ನಾನು ಕೇಳಿದ್ದೇನೆ. ನೀವು ಕರೆದಿರಿ, ಅವರು ಬರಲಿಲ್ಲ. ಆರನೆಯವನ ಕೈ ಅವರನ್ನು ಆಚೆ ತಳ್ಳಿತು. ಪೆಟ್ಟಾಯಿತು ಹೌದು. ಜೀವ ಉಳಿಯಿತು ಅದೂ ಹೌದು.”

ರೋನಿ ಬಾಟಲಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತಿದ್ದ. “ಕೊಲೆಗಡುಕ ರೋಬೋ ಅಂತ ಪೇಪರಿನವರು ಬರೆದರಲ್ಲ,” ಎಂದ. “ಪಾಪ.”

“ನೀವು ಇದನ್ನು ಠಾಣೆಯಲ್ಲಿ ಹೇಳಬೇಕು ಶೀನಣ್ಣ. ನೀವೇ ಮೊದಲು ಕರೆದದ್ದು ಅಂತ ಊರಿಗೆಲ್ಲ ಗೊತ್ತಾಗ್ತದೆ.”

“ಆಗಲಿ,” ಶೀನ ಅಂಗಿಯ ಗುಂಡಿ ಹಾಕಿಕೊಂಡರು. “ಸೋತೆ ಅಂತ ಹೇಳಲಿ.”

ಕಾರಿನ ಬಾಗಿಲಲ್ಲಿ ಅವರು ಒಂದು ಕ್ಷಣ ನಿಂತರು. “ಅಮ್ಮ, ಆ ಕೊಕ್ಕೆ ತಾನಾಗಿ ಜಾರಿದ್ದಲ್ಲ. ಅಟ್ಟದ ಮೇಲೆ ಒಂದು ಕೈ ಸರಪಳಿ ಬಿಡುವುದು ಕಂಡೆ. ಬೆಳ್ಳಿ ಬಣ್ಣದ ಕೈ. ಆ ಚಿಪ್ಪಿನ ರೋಬೋಗಳದ್ದು ಇರ್ತದಲ್ಲ, ಮೂರು ಬೆರಳಿನದ್ದು. ಶೂಟಿಂಗಿನದ್ದೇ ಇರಬೇಕು ಅಂತ ಸುಮ್ಮನಾದೆ.”

ರೋನಿ ವಾರಿಜಾರ ಮುಖ ನೋಡಿದ. “ಆ ದಿನ ಐದು ಚಿಪ್ಪುಗಳೂ ಕಾರ್ಕಳದಲ್ಲಿದ್ದವು ವಾರಿಜಕ್ಕ. ಪೇಂಟು ಹಚ್ಚಲಿಕ್ಕೆ ಕಳಿಸಿದ್ದರು.”

*

ಸೌಮ್ಯಶ್ರೀ ಶೀನರ ಹೇಳಿಕೆಯನ್ನು ತಾವೇ ಬರೆದುಕೊಂಡರು. ‘ಬಾ ಎಂದು ಕರೆದೆನು’ ಎಂದು ಅರ್ಧ ಬರೆದವರು ಪೆನ್ನು ಎತ್ತಿ ವಾರಿಜಾರನ್ನು ನೋಡಿದರು. ಅದನ್ನು ಹೊಡೆದುಹಾಕಿ, ‘ಬಲ, ಇಂಚಿ ಬಲ ಎಂದು ತುಳುವಿನಲ್ಲಿ ಕರೆದೆನು’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದರು. ಆಗ ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು.

“ಮೋಕ್ಷಾ, ನೀನು ಮನೆಗೆ ಹೋಗಬಹುದು,” ಎಂದರು.

ಮೋಕ್ಷಾ ಒಮ್ಮೆಲೇ ಎದ್ದಳು, ಮತ್ತೆ ಕೂತಳು. ಮೂರು ದಿನ ಗಟ್ಟಿಯಾಗಿ ಹಿಡಿದಿದ್ದ ಭುಜ ಸಡಿಲಾಯಿತು. ಶೀನ ಅವಳ ಹತ್ತಿರ ಹೋಗಿ, “ಮಾತ್ರೆ ತೆಗೆದುಕೊಂಡಿದ್ದೇನೆ,” ಎಂದರು. ಅವಳು ಅಳುತ್ತಲೇ ನಕ್ಕಳು.

“ಬೈರಾಸು ಹಾಕಿದ್ದಕ್ಕೆ ಕೂಸಪ್ಪಣ್ಣನಿಗೆ ಅಷ್ಟು ಜೋರು ಮಾಡಬಾರದಿತ್ತು ನಾನು,” ಎಂದಳು.

ಕೊಕ್ಕೆಯನ್ನು ಯಾರೋ ಬೇಕೆಂದೇ ಬಿಟ್ಟರೆಂದು ಸೌಮ್ಯಶ್ರೀ ತಿಳಿಸಿದಾಗ ಮಾತ್ರ ಅವಳ ನಗು ನಿಂತಿತು. ದಣಿವಿರಬೇಕು ಎಂದುಕೊಂಡ ವಾರಿಜಾ ಅವಳ ತಲೆ ಸವರಿದರು.

ಸೌಮ್ಯಶ್ರೀ ಮುಂದಿನ ಕೆಲಸ ಹೇಳಿದರು. ಐಸ್ ಪ್ಲಾಂಟಿಗೆ ಪೊಲೀಸು ಬೀಗ ಬೀಳಬೇಕು. ಸಂಜೆ ಐದಕ್ಕೆ ಆರನೆಯವನನ್ನು ಅಲ್ಲಿಗೆ ತರಬೇಕು. ಶೀನರ ಕೂಗಿಗೆ ಅವನು ಕೈ ಎತ್ತುವುದನ್ನು ತಾವು ಕಣ್ಣಾರೆ ನೋಡಬೇಕು.

“ನಾಲ್ಕಕ್ಕೇ ತಂದು ಸಿದ್ಧ ಮಾಡ್ತೇನೆ ಮೇಡಂ,” ಎಂದಳು ಮೋಕ್ಷಾ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಕೂಸಪ್ಪ ಕಣ್ಣು ತೆರೆದಿದ್ದರು.

*

ಮಣಿಪಾಲದ ಆಸ್ಪತ್ರೆಯ ಬಾಗಿಲಲ್ಲಿ ಶೀನ ನಿಂತೇ ಬಿಟ್ಟರು. ಒಳಗೆ ಹೋಗುವ ಹೊತ್ತು ಮುಗಿದಿತ್ತು. ನರ್ಸು ಒಬ್ಬಳು ಅವರನ್ನು ನೋಡಿ, ಬಾಗಿಲನ್ನು ತಾನೇ ತೆರೆದು, “ಐದು ನಿಮಿಷ ಮಾತ್ರ ಅಜ್ಜ,” ಎಂದು ಒಂದು ಕುರ್ಚಿ ಎಳೆದಿಟ್ಟು ಹೋದಳು.

ಕೂಸಪ್ಪನವರ ತಲೆಗೆ ಬಿಳಿ ಪಟ್ಟಿ ಸುತ್ತಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ಶೀನರನ್ನು ಮೇಲಿನಿಂದ ಕೆಳಗೆ ನೋಡಿದರು.

“ಅಂತೂ ಕರೆದೆಯಲ್ಲ.”

“ಕರೆದೆ ಮಾರಾಯ.”

“ಕಾಗದದಲ್ಲಿ ಅಲ್ಲವಲ್ಲ?”

“ಬಾಯಿಯಲ್ಲೇ ಕರೆದದ್ದು. ನೀನು ಬರಲಿಲ್ಲ.”

“ನಂಬಿಕೆ ಬರಬೇಡವಾ? ಹನ್ನೊಂದು ವರ್ಷದ ಮೇಲೆ ಒಮ್ಮೆಲೇ ಬಾ ಅಂದರೆ, ಯಾರಾದರೂ ಹಿಂದೆ ಮುಂದೆ ನೋಡದೆ ಬರ್ತಾರಾ?”

ಶೀನ ಕುರ್ಚಿಯಲ್ಲಿ ಕೂತು ಆ ತೆಳ್ಳಗಿನ ಕೈ ಹಿಡಿದುಕೊಂಡರು. ರೋನಿ ಮೂಗೊರಸಿಕೊಂಡು ಹೊರಗೆ ಹೋದ.

ವಾರಿಜಾರಿಗೆ ಅವರನ್ನು ತಡೆಯಲು ಮನಸ್ಸಿರಲಿಲ್ಲ. ಆದರೆ ಐದು ನಿಮಿಷದಲ್ಲಿ ಮೂರು ಮುಗಿದಿತ್ತು.

“ಕೂಸಪ್ಪಣ್ಣ, ನಿಮಗೆ ಯಾರದ್ದಾದರೂ ದ್ವೇಷ ಉಂಟಾ? ಆ ಕೊಕ್ಕೆಯನ್ನು ಬೇಕಂತಲೇ ನಿಮ್ಮ ಮೇಲೆ ಬಿಟ್ಟಿದ್ದಾರೆ.”

“ನನ್ನ ಮೇಲೆಯಾ?” ಕೂಸಪ್ಪ ಹುಬ್ಬೇರಿಸಲು ಹೋಗಿ ನೋವಿನಿಂದ ಮುಖ ಕಿವುಚಿದರು. “ನನ್ನ ಮೇಲೆ ಯಾರಿಗೆ ಎಂತ? ಇವನೊಬ್ಬನಿಗೆ ಇತ್ತು, ಇವನೇ ಕರೆದ. ಅಲ್ಲದೆ ಅದು ನನ್ನ ಜಾಗವೇ ಅಲ್ಲ.”

“ಅಂದರೆ?”

“ಶಾಟ್ ಶುರುವಾಗುವ ಮೊದಲು ಆ ಟೇಪಿನ ಗುರುತಿನ ಮೇಲೆ ಮೋಕ್ಷಾ ನಿಲ್ಲುವುದು. ಆ ಗೊಂಬೆಯ ಕಣ್ಣಿಗೆ ಅಳತೆ ಕೊಡ್ಲಿಕ್ಕೆ ಅಂತೆ. ದಿನಾ ಅವಳೇ. ಆ ದಿನ ಬೆಳಿಗ್ಗೆಯಿಂದ ನಿಂತು ನಿಂತು ಅವಳ ಕಾಲು ನಡುಗುತ್ತಿತ್ತು. ‘ನೀನು ಆಚೆ ನಿಲ್ಲು ಮಗಾ, ನಾನು ನಿಲ್ತೇನೆ’ ಅಂದೆ. ಹಿಂದಿನ ದಿನ ಜಗಳ ಮಾಡಿದ್ದಳಲ್ಲ, ಹಾಗೆ ರಾಜಿ ಮಾಡುವ ಅಂತ. ಮೇಲಿನಿಂದ ನೋಡಿದವರಿಗೆ ತಲೆ ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಅವಳ ನೀಲಿ ಹೆಲ್ಮೆಟ್ಟು ನನ್ನ ತಲೆಯಲ್ಲಿತ್ತು.”

ವಾರಿಜಾರ ಬೆರಳುಗಳು ಗೀಚುವುದನ್ನು ನಿಲ್ಲಿಸಿದವು.

ಠಾಣೆಯಲ್ಲಿ ಒಮ್ಮೆಲೇ ನಿಂತ ಆ ನಗು ದಣಿವಲ್ಲ. ಆ ಜಾಗ ತನ್ನದೆಂದು ಮೋಕ್ಷಾಳಿಗೆ ಅಲ್ಲೇ ಹೊಳೆದಿತ್ತು. ಹೊಳೆದೂ ಹೇಳದೆ, ನಾಲ್ಕಕ್ಕೇ ಹೋಗುತ್ತೇನೆ ಎಂದಿದ್ದಳು.

ವಾರಿಜಾ ಹೊರಗೆ ಬಂದು ಅವಳಿಗೆ ಫೋನು ಮಾಡುವಷ್ಟರಲ್ಲಿ ಅವರ ಫೋನೇ ಬಡಿದುಕೊಂಡಿತು. ಸೌಮ್ಯಶ್ರೀ.

“ಮೇಡಂ, ನೀವು ಪ್ಲಾಂಟಿನ ಒಳಗೆ ಎಲ್ಲಿದ್ದೀರಿ? ಅಟ್ಟದ ಹತ್ತಿರವಾ?”

“ನಾನು ಮಣಿಪಾಲದಲ್ಲಿ ಇದ್ದೇನೆ. ಆಸ್ಪತ್ರೆಯಲ್ಲಿ.”

ಆ ಕಡೆ ಅಲೆಯ ಸದ್ದಿನ ನಡುವೆ ಯಾರೋ ಬಾಗಿಲು ಬಡಿಯುವುದು ಕೇಳಿಸಿತು.

“ಆಗುವುದಿಲ್ಲ,” ಎಂದರು ಸೌಮ್ಯಶ್ರೀ. “ನಾನು ಬೀಗ ತೆಗೆಯುತ್ತಿದ್ದಾಗ ಮೋಕ್ಷಾಳಿಗೆ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದಳು. ನಿಮ್ಮದೇ ಧ್ವನಿ ಮೇಡಂ, ನಾನೇ ಕೇಳಿದೆ. ‘ನಾನು ಒಳಗೆ ಇದ್ದೇನೆ, ಒಬ್ಬಳೇ ಬಾ’ ಅಂದಿರಿ. ಸಮುದ್ರದ ಬದಿಯ ಬಾಗಿಲಿನಿಂದ ಬಂದಿರಬೇಕು ಅಂದುಕೊಂಡೆ.”

“ಅದು ನಾನಲ್ಲ, ಯಾರೋ ನನ್ನ ಧ್ವನಿ ಮಾಡಿದ್ದಾರೆ. ಪ್ರಖ್ಯಾತ್ ಎಲ್ಲಿ?”

“ಇಲ್ಲೇ, ನನ್ನ ಎದುರೇ ಚಾ ಕುಡಿಯುತ್ತಿದ್ದಾರೆ.”

ವಾರಿಜಾ ಕಾರಿನತ್ತ ಹೆಜ್ಜೆ ಹಾಕಿದರು. “ಅವಳು ಹೋಗುವ ಮೊದಲು ಎಂತಾದರೂ ಹೇಳಿದಳಾ?”

“ಹೇಳಿದಳು. ಫೋನನ್ನು ನನ್ನ ಕೈಯಲ್ಲಿ ಇಟ್ಟು, ‘ವಾರಿಜಕ್ಕ ನನ್ನ ಹತ್ತಿರ ಒಂದು ದಿನವೂ ಕನ್ನಡದಲ್ಲಿ ಮಾತಾಡಿದವರಲ್ಲ’ ಅಂದಳು. ನಕ್ಕಳು ಸಹ. ಕರೆದದ್ದು ನೀವಲ್ಲ ಅಂತ ಅವಳು ಹೇಳಿದ್ದು ನನಗೆ ಈಗ ಅರ್ಥ ಆಯಿತು; ಆಗಲೇ ಒಳಗಿನಿಂದ ಚಿಲಕ ಬಿದ್ದಿತ್ತು. ಬಾಗಿಲು ಒಡೆಸುತ್ತಿದ್ದೇನೆ.”

“ಒಬ್ಬಳೇ ಹೋದಳಾ ಸೌಮ್ಯಾ?”

“ಇಲ್ಲ ಮೇಡಂ. ಆರನೆಯವನನ್ನು ಮುಂದೆ ನಡೆಸಿಕೊಂಡು ಹೋದಳು.”